ಯಜಮಾನನಿದ್ದ ಕಲ್ಲು

ಎಲ್ಲಕ್ಕೂ ಮೂಲ ಒಂದು ಬಸವನಹುಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ, ದವಡೆ ಹಿಡಿದು ಕೂತವರ ಮನಸ್ಸು ತುಸು ಹಗುರಾಗಲೆಂದು ಇಟ್ಟಿದ್ದ ಉಪ್ಪುನೀರಿನ ಗಾಜಿನ ಮೀನುತೊಟ್ಟಿಯಲ್ಲಿ, ಅದು ಯಾರಿಗೂ ಕಾಣದಂತೆ ಒಂದು ಕಲ್ಲಿನ ಬುಡ ಕೆದಕಿತು. ಬೆಳಗಾಗುವಾಗ ಕಲ್ಲಿನ ಗುಡ್ಡವೇ ಜರುಗಿ, ಕುಡಿದವನು ಗೆಳೆಯನ ಹೆಗಲಿಗೆ ಒರಗುವಂತೆ ಗಾಜಿಗೆ ಒರಗಿ ನಿಂತಿತ್ತು.

ಡಾಕ್ಟರು ಅಂದು ಬೇರೆ ಊರಿಗೆ ಹೊರಟಿದ್ದರು. ಕಾಂಪೌಂಡರನನ್ನು ಕರೆದರು. ಅವನ ಹೆಂಡತಿ ತವರಿನಲ್ಲಿ ಹೆತ್ತು ತಿಂಗಳು ಕಳೆದಿತ್ತು. ಮಗಳ ಮುಖವನ್ನು ಅವನಿನ್ನೂ ಕಂಡಿರಲಿಲ್ಲ. ರಜೆ ಕೇಳಿ ಕೇಳಿ ನಾಲಿಗೆ ಸವೆದಿತ್ತು.

"ಸಂಜೆಯೊಳಗೆ ಕಲ್ಲೆಲ್ಲ ಗಾಜಿನಿಂದ ಈಚೆ ತಂದು ಭದ್ರವಾಗಿ ಜೋಡಿಸಿಡು. ಒಂದು ಮೀನಿಗೂ ಏನೂ ಆಗಬಾರದು. ಆಮೇಲೆ ಇವತ್ತೇ ಬಸ್ಸು ಹತ್ತು, ವಾರ ಇದ್ದು ಬಾ," ಎಂದರು.

ಕಾಂಪೌಂಡರ್ ಅಂಗಿಯ ತೋಳು ಮಡಿಸಿ ತೊಟ್ಟಿಗೆ ಕೈಯಿಟ್ಟ. ಸಮುದ್ರದಡಿಯಿಂದ ಬಂದ ಕಲ್ಲುಗಳವು. ಮೈತುಂಬ ತೂತು, ತೂತಿಗೊಂದು ಜೀವ. ನೀರು ಬಿಟ್ಟರೆ ಕಲ್ಲೂ ಸಾಯುತ್ತದೆ ಎಂದು ಡಾಕ್ಟರು ಹೇಳಿದ್ದುದರಿಂದ, ತೊಟ್ಟಿಯ ನೀರನ್ನೇ ಬಕೆಟ್ಟುಗಳಿಗೆ ತುಂಬಿ, ಒಂದೊಂದೇ ಕಲ್ಲನ್ನು ಅವುಗಳಲ್ಲಿ ಇಳಿಸಿದ.

ಅಷ್ಟರಲ್ಲಿ ಪಕ್ಕದ ಅಂಗಡಿಯ ದರ್ಜಿ ಬಂದ. ಮಗುವಿಗೆಂದು ಹೊಲಿದ ಫ್ರಾಕು ಕೊಡಲು ಬಂದವನು ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ಈ ಕಲ್ಲು ಎಡಕ್ಕೆ, ಆ ಕಲ್ಲು ಅಡ್ಡಕ್ಕೆ, ಇಲ್ಲೊಂದು ನೆರಿಗೆ ಬಂದರೆ ಚೆಂದ ಎಂದು, ಗುಡ್ಡಕ್ಕೇ ಅಳತೆ ತೆಗೆಯುವವನಂತೆ ಬೆರಳು ಆಡಿಸಿದ. ಅವನ ಮಾತು ಕೇಳಿ ಕಟ್ಟಿದ ಕಮಾನು ಎರಡು ಸಲ ಕುಸಿಯಿತು. ನೀರು ಕದಡಿ ಮಜ್ಜಿಗೆಯಾಯಿತು. ಮೂರನೆಯ ಸಲ ಕಾಂಪೌಂಡರ್ ಕಿವಿ ಮುಚ್ಚಿಕೊಂಡು ಕಟ್ಟಿದ, ಅದು ನಿಂತಿತು.

ನೀರು ತಿಳಿಯಾದ ಮೇಲೆ ಅವನು ಮೀನುಗಳನ್ನು ಎಣಿಸಿದ. ಇನ್ನೊಮ್ಮೆ ಎಣಿಸಿದ. ಯಜಮಾನ ಇರಲಿಲ್ಲ.

ಯಜಮಾನನೆಂದರೆ ಆ ತೊಟ್ಟಿಯ ಗಂಟುಮುಖದ ಕಂದು ಮೀನು. ಸದಾ ಒಂದು ತೂತಿನಿಂದ ತಲೆಯಷ್ಟೇ ಹೊರಹಾಕಿ, ಬಂದವರನ್ನೆಲ್ಲ ಬಾಡಿಗೆ ಬಾಕಿಯಿಟ್ಟವರಂತೆ ದಿಟ್ಟಿಸುವ ಪ್ರಾಣಿ. ಡಾಕ್ಟರಿಗೆ ಅದು ಪಂಚಪ್ರಾಣ.

ಕಾಂಪೌಂಡರ್ ಬೆಂಚಿನಡಿ ತೆವಳಿದ, ಚಪ್ಪಲಿಗಳನ್ನು ಕೊಡವಿದ, ಒಳಗಿನ ಹಲ್ಲಿನ ಕುರ್ಚಿಯ ಕೆಳಗೂ ತಡಕಿದ. ಬಸ್ಸು ಕಣ್ಣೆದುರೇ ಹೊರಟುಹೋದಂತಾಯಿತು. ಸೋತು ಗೋಡೆಗೊರಗಿ ಕಣ್ಣುಮುಚ್ಚಿದ. ಎಲ್ಲ ಜೀವ ಕಾಯುವವನೇ, ಇದೊಂದನ್ನೂ ಕಾಯಪ್ಪ ಎಂದು ಒಳಗೇ ಬೇಡಿಕೊಂಡ. ಕಣ್ಣು ತೆರೆದಾಗ ನೆನಪಾಯಿತು: ಒಂದು ಕಲ್ಲು ಮಿಕ್ಕಿತ್ತು. ಕೊನೆಯ ಬಕೆಟ್ಟಿನಲ್ಲಿ. ಆ ಬಕೆಟ್ಟು ಇದ್ದ ಜಾಗದಲ್ಲಿ ಈಗ ಒದ್ದೆ ಗುರುತು ಮಾತ್ರ ಇತ್ತು.

"ಬಕೆಟ್ಟು ಎಲ್ಲಿ?"

"ಕಸ ಗುಡಿಸೋ ಅಜ್ಜಿ ಹಿತ್ತಿಲಿಗೆ ತಗೊಂಡು ಹೋದ್ರು. ಕಲ್ಲೆಲ್ಲ ಪಾಚಿ ಹಿಡಿದಿದೆ, ಪಾಪ, ಅವನಿಗೆ ಪುರುಸೊತ್ತಿಲ್ಲ, ಉಜ್ಜಿ ಕೊಡ್ತೀನಿ ಅಂದ್ರು," ಎಂದ ದರ್ಜಿ.

ಕಾಂಪೌಂಡರ್ ಓಡಿದ. ಅಜ್ಜಿ ಸೋಪಿನ ಪುಡಿಯ ಡಬ್ಬ ತೆರೆದು, ಬಿರುಸು ಬ್ರಷ್ಷು ಹಿಡಿದು, ಸೊಂಟ ಬಗ್ಗಿಸುತ್ತಿದ್ದಳು. "ಅಜ್ಜಿ, ಕೈ ತೆಗಿ. ಅದಕ್ಕೆ ಜೀವ ಇದೆ," ಎಂದವನು ಬಕೆಟ್ಟಿನ ಮುಂದೆ ಮಂಡಿಯೂರಿದ.

"ನನಗೂ ಇದೆ ಮಗನೇ. ನಿಧಾನಕ್ಕೆ ಹೇಳು," ಎಂದಳು ಅಜ್ಜಿ.

ಕಲ್ಲಿನ ತೂತಿನಿಂದ ಗಂಟುಮುಖವೊಂದು ಅವನನ್ನು ದಿಟ್ಟಿಸಿತು. ಯಜಮಾನ ಜಗ್ಗಿರಲಿಲ್ಲ. ಕಾಂಪೌಂಡರನ ಕಣ್ಣು ತುಂಬಿತು. ಕಲ್ಲನ್ನು ನೀರಿನೊಂದಿಗೇ ಒಯ್ದು, ಗುಡ್ಡದ ತುದಿಯಲ್ಲಿ ಕುಳ್ಳಿರಿಸಿದ. ಆಮೇಲೆ ದರ್ಜಿಯ ಕೈ ಹಿಡಿದುಕೊಂಡ. "ಅಣ್ಣಾ, ಡಾಕ್ಟ್ರು ಬಂದಾಗ ನನ್ನ ಬಗ್ಗೆ ಒಂದು ಒಳ್ಳೇ ಮಾತು ಹೇಳು. ಆಗ ರಜೆ ಗಟ್ಟಿ." ದರ್ಜಿ ಎದೆಯ ಮೇಲೆ ಕೈಯಿಟ್ಟು ಒಪ್ಪಿಕೊಂಡ.

ಸಂಜೆ ಡಾಕ್ಟರು ಬಂದರು. ಗುಡ್ಡವನ್ನು ಸುತ್ತಿ ನೋಡಿ ತಲೆದೂಗಿದರು. ಬಾಗಿಲಲ್ಲಿ ಕಾಂಪೌಂಡರನ ಚೀಲ ಸಿದ್ಧವಾಗಿತ್ತು. ಯಜಮಾನ ಮಾತ್ರ ಮೇವು ಹಾಕಿದರೂ ಹೊರಬರಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ, ಹಲ್ಲು ನೋಡುವ ಪುಟ್ಟ ಕನ್ನಡಿ ತಂದು, ದೀಪ ಹಿಡಿದು, ತೂತಿನೊಳಗೆ ಇಣುಕಿದರು.  

"ಮೊಟ್ಟೆ," ಎಂದರು ಡಾಕ್ಟರು, ಮೆಲ್ಲಗೆ. "ಒಳಗೆಲ್ಲ ಮೊಟ್ಟೆ. ಈ ಜಾತೀಲಿ ಮೊಟ್ಟೆಗೆ ಕಾವಲು ಕೂರೋದು ಗಂಡು. ಊಟ ಬಿಟ್ಟು ಕೂತಿದೆ ನೋಡು. ತಂದೆ ಅಂದ್ರೆ ಹೀಗಿರಬೇಕು."

ಕಾಂಪೌಂಡರ್ ಭಕ್ತಿಯಿಂದ ಕೈಮುಗಿದ.

"ಮರಿ ಆಗೋವರೆಗೂ ಇದನ್ನ ಯಾರಾದರೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕಲ್ಲ," ಎಂದು ಡಾಕ್ಟರು ಸುತ್ತ ನೋಡಿದರು.

ತಾನು ಕೊಟ್ಟ ಮಾತು ದರ್ಜಿಗೆ ನೆನಪಾಯಿತು. ಎದ್ದು ನಿಂತ. "ಇವನ ಹಾಗೆ ಇನ್ಯಾರ ಕೈಲೂ ಆಗಲ್ಲ ಡಾಕ್ಟ್ರೇ. ಆ ಕಲ್ಲನ್ನ ಹೆತ್ತ ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಬಂದ. ನಾನೇ ಕಣ್ಣಾರೆ ಕಂಡೆ."

ಡಾಕ್ಟರು ಕಾಂಪೌಂಡರನ ಬೆನ್ನು ತಟ್ಟಿದರು. ರಜೆ ಎಲ್ಲಿಗೂ ಓಡಿಹೋಗುವುದಿಲ್ಲ, ಮರಿಗಳಾದ ಮೇಲೆ ನೋಡೋಣ ಎಂದು ಒಳಗೆ ನಡೆದರು.

ಕಾಂಪೌಂಡರ್ ಚೀಲದ ಪಕ್ಕದಲ್ಲೇ ಕುಸಿದು ಕೂತ. ತೂತಿನಿಂದ ಯಜಮಾನ ಅವನನ್ನೇ ನೋಡುತ್ತಿದ್ದ. ದರ್ಜಿ ಫ್ರಾಕನ್ನು ಬಿಡಿಸಿ, ಅದರ ಹೊಲಿಗೆ ಸವರಿ, ಅವನ ತೊಡೆಯ ಮೇಲಿಟ್ಟ.

"ಬೇಜಾರ್ ಮಾಡ್ಕೋಬೇಡ. ನಿನ್ನ ರಜೆ ವಿಷಯ ಗೊತ್ತಿತ್ತಲ್ಲ, ಒಂದು ವರ್ಷದ ಮಗೂಗೆ ಆಗೋ ಹಾಗೇ ಹೊಲಿದಿದ್ದೀನಿ."