ಇದ್ದಲ್ಲೇ ಬೀಗ

ಬೆಟಗೇರಿಯ ಆ ಓಣಿಯ ನಲ್ಲಿಗೆ ನೀರಿನ ನೆನಪಾಗುವುದು ಎಂಟು-ಹತ್ತು ದಿನಕ್ಕೊಮ್ಮೆ. ಉಳಿದಂತೆ ಎಲ್ಲರಿಗೂ ದುರಗವ್ವನ ಬೋರ್‌ವೆಲ್ಲೇ ಗತಿ. ಅಂಥ ದುರಗವ್ವ ಬೆಳಿಗ್ಗೆ ಗೋಡೆಯಾಚೆಯಿಂದ, "ಸೋಮೇಶಾ, ನಾಳೆ ನಮ್ಮ ಮೊಮ್ಮಗಳು ಸೀಮಾಗ ನಿನ್ನ ಲ್ಯಾಪ್‌ಟಾಪ್ ಕೊಡೋ. ನೌಕರಿ ಅರ್ಜಿ ತುಂಬಬೇಕಂತ," ಎಂದಾಗ ಸೋಮೇಶ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

ಪಾಪ, ಅವನಿಗೆ ಮಿಮಿಕ್ರಿಯ ಚಟ. ನೀರಿನ ಪಾಳಿಯಲ್ಲಿ ದುರಗವ್ವ ಬೈಯುವುದನ್ನು ಅವಳದೇ ದನಿಯಲ್ಲಿ ತಾನು ಬೈದು, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದ. ಸೀಮಾ ಅದನ್ನು ಕೇಳಿದಳೋ, ನೀರು ಬಂದ್.

"ಅಳಿಸಿ ಒಗೀರಿ," ಎಂದಳು ಹೆಂಡತಿ ನೀಲಾ.

"ಕಲಾವಿದರ ಸಂಕಟ ನಿನಗೇನ ಗೊತ್ತು?"

ಅವನದು ಲಿನಕ್ಸ್ ಯಂತ್ರ. ಕಡತಗಳನ್ನು ಹೊರಗೆ ಸಾಗಿಸದೆ, ಅವು ಕೂತ ಡಿಸ್ಕಿನ ಭಾಗವನ್ನು, ಅಂದರೆ ಪಾರ್ಟಿಷನ್ನನ್ನು, ಇದ್ದಲ್ಲೇ ಎನ್‌ಕ್ರಿಪ್ಟ್ ಮಾಡಿ ಪಾಸ್‌ವರ್ಡಿನ ಬೀಗ ಜಡಿಯಬಹುದೆಂದು ಇಂಟರ್‌ನೆಟ್ಟಿನಲ್ಲಿ ಓದಿದ. ಮುಂಡರಗಿ ಬಸ್ಸಿನ ಸೀಟಿನಲ್ಲಿ ಎಲ್ಲರೂ ತುಸು ಸರಿದು ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತೆ, ಕಡತಗಳನ್ನು ಒತ್ತರಿಸಿ ಬೀಗಕ್ಕೆ ಜಾಗ ಮಾಡಿದರಾಯಿತು. ಆದರೆ ಮೊದಲು ಬೇರೆಡೆ ಪ್ರತಿ ತೆಗೆದಿಡಬೇಕು, ನಡುವೆ ಕರೆಂಟ್ ಹೋಗಬಾರದು.

ಮೇಜಿನ ಮೇಲೊಂದು ಪೆನ್‌ಡ್ರೈವ್ ಇತ್ತು. ಭಜನೆ ಹಾಡು ತುಂಬಿಕೊಡಲೆಂದು ದುರಗವ್ವನೇ ಕೊಟ್ಟದ್ದು. ಸಂಜೆ ಅಳಿಸಿದರಾಯಿತೆಂದು ಪ್ರತಿಯನ್ನು ಅದಕ್ಕೇ ಹಾಕಿ, ಬೀಗದ ಕೆಲಸ ಶುರು ಹಚ್ಚಿದ.

ಪರದೆಯ ಮೇಲೆ ಶೇಕಡಾ ಹತ್ತು ದಾಟಿತ್ತು. ಬೀದಿಯಲ್ಲಿ ಯಾರೋ ಕೂಗಿದರು: "ಲೈನ್‌ಮನ್ ಕಂಬಾ ಹತ್ಯಾನ, ಕರೆಂಟ್ ತೆಗೀತಾನಂತ!"

ಲ್ಯಾಪ್‌ಟಾಪಿನ ಬ್ಯಾಟರಿ ಎರಡು ನಿಮಿಷ ತಾಳಿದರೆ ಹೆಚ್ಚು. ಇನ್ವರ್ಟರ್ ಇದ್ದದ್ದು ದುರಗವ್ವನ ಮನೆಯಲ್ಲಿ. ಸೋಮೇಶ ಗೋಡೆ ಹತ್ತಿ ಅಂಗಲಾಚಿದ. ಅವಳು ವಾಯರ್ ಒಗೆದಳು, ಹಿಂದೆಯೇ ತಾನೂ ಬಂದು ಕುಳಿತಳು.

"ಏನ್ ಮಾಡಾಕತ್ತೈತಿ ಇದು?"

"ಬೀಗ ಬೀಳಾಕತ್ತೈತಿ ಆಯಿ."

"ಚಲೋ ಆತು. ಮಂದೀನ್ನ ನಂಬಾಂಗಿಲ್ಲ. ಯಾರರ ವಾಯರ್ ಎಡವಿಗಿಡವ್ಯಾರು, ನಾ ಇಲ್ಲೇ ಕಾಯ್ತೀನಿ."

ತನ್ನನ್ನೇ ಹೊರಗಿಡುವ ಬೀಗವನ್ನು ಅವಳು ಇಳಿಹೊತ್ತಿನವರೆಗೆ ಕಾದಳು. ಸೋಮೇಶನಿಗೆ ನಾಚಿಕೆಯಾಯಿತು. ಆದರೂ ಪರದೆಯ ಮೇಲಿನ ಕಣ್ಣು ಕೀಳಲಿಲ್ಲ. ಅವಳು ಎದ್ದುಹೋದದ್ದೂ ಅವನಿಗೆ ತಿಳಿಯಲಿಲ್ಲ.

ಕಡೆಗೂ ನೂರಾಯಿತು, ಅಷ್ಟರಲ್ಲಿ ಕರೆಂಟೂ ಬಂದಿತ್ತು. ಪಾಸ್‌ವರ್ಡ್ ಕೊಟ್ಟು ತೆರೆದ, ಮುಚ್ಚಿದ, ಮೈಮುರಿದ. ಆಗ ಹನುಮಪ್ಪನ ಗುಡಿಯ ಮೈಕಿನಿಂದ ದುರಗವ್ವನ ದನಿ ಇಡೀ ಓಣಿಗೆ ಕೇಳಿತು:

"ಏಯ್, ಕೊಡ ಹಿಂದಕ್ಕ ಸರಸ್ರಿ! ಬೋರ್ ಏನ್ ನಿಮ್ಮ ಮುತ್ಯಾ ಹೊಡಿಸ್ಯಾನೇನು?"

"ನೀಲಾ, ಪೆನ್‌ಡ್ರೈವ್ ಎಲ್ಲಿ?"

"ಭಜನಿಗೆ ಹೊತ್ತಾತು ಅಂತ ಆಯಿ ಕೇಳಿದ್ಲು, ಕೊಟ್ಟೆ."

ಸೋಮೇಶ ಗುಡಿಗೆ ಓಡಿದ. ದುರಗವ್ವ ಕೈಯಲ್ಲಿ ತಾಳ ಹಿಡಿದು ದಂಗಾಗಿ ನಿಂತಿದ್ದಳು. "ನಾ ಬಾಯಿ ಮುಚ್ಕೊಂಡು ಇಲ್ಲೇ ನಿಂತೀನಿ, ಅಲ್ಲಿ ಒದರಾಕಿ ಯಾರು?" ಅವನನ್ನು ಕಂಡದ್ದೇ ಸಿಡಿದಳು. "ಕದ್ದು ನನ್ನ ಮಾತು ಹಿಡದೀ ಏನಲೇ? ಪೊಲೀಸರ್ನ ಕರೀರಿ!"

"ಇಲ್ಲ ಆಯಿ, ಅದು ನನ್ನ ದನಿ! ಆಣಿ ಮಾಡತೀನಿ!"

ಯಾರೂ ನಂಬಲಿಲ್ಲ. "ಹಂಗಾರ ಮಾಡಿ ತೋರ್ಸು," ಎಂದು ಮೈಕನ್ನು ಕೈಗೆ ಕೊಟ್ಟರು.

ಬೇರೆ ದಾರಿಯಿರಲಿಲ್ಲ. ಸೋಮೇಶ ಕಣ್ಣು ಮುಚ್ಚಿ, ದುರಗವ್ವನ ಮುಂದೆಯೇ ದುರಗವ್ವನಾಗಿ ಬೈದ. ಗುಡಿಯೆಲ್ಲ ಬಿದ್ದುಬಿದ್ದು ನಕ್ಕಿತು. ದುರಗವ್ವ ನಗಲಿಲ್ಲ. ಹತ್ತಿರ ಬಂದು ಅವನ ಗಂಟಲನ್ನೇ ನೋಡಿದಳು.

"ಮತ್ತೊಮ್ಮೆ ಅನ್ನು."

ಅಂದ.

"ಬರೋಬ್ಬರಿ ಐತಿ. ನೀರು ಬಂದ್ ಮಾಡೂದಿಲ್ಲ ತಗೋ. ಆದ್ರ ಒದರಿ ಒದರಿ ನನ್ನ ಗಂಟಲ ಹರದೈತಿ. ನಾಳಿಂದ ಬೋರಿನ ಮುಂದ ನೀನ ನಿಂದ್ರು, ನನ್ನ ದನಿಯೊಳಗ ಪಾಳಿ ಹಚ್ಚು. ಮಂದಿ ಆ ದನಿಗೇ ಅಂಜತಾರ."

ಮರುದಿನ ಸೀಮಾ ಒಳಗೆ ಅರ್ಜಿ ತುಂಬುತ್ತಿದ್ದಳು. ಬೀಗ ಬಿದ್ದ ಪಾರ್ಟಿಷನ್ನಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಹೊರಗೆ ಬೋರಿನ ಮುಂದೆ ಸೋಮೇಶ ನಿಂತಿದ್ದ, ಕಟ್ಟೆಯ ಮೇಲೆ ದುರಗವ್ವ ಚಹಾ ಹೀರುತ್ತಿದ್ದಳು. ಪಾಳಿಯ ನಡುವೆ ನುಗ್ಗಿ ಎಲ್ಲರಿಗಿಂತ ಮುಂದೆ ಕೊಡ ಇಟ್ಟವಳು ನೀಲಾ. ಗಂಡನೇ ನಿಂತಿರುವಾಗ ಭಯವೇನು?

ದುರಗವ್ವ ಕೆಮ್ಮಿದಳು.

ಸೋಮೇಶ ಅವಳ ದನಿಯಲ್ಲಿ ಒದರಿದ: "ಏಯ್ ನೀಲಾ, ಕೊಡ ಹಿಂದಕ್ಕ ಸರಸು! ಬೋರ್ ಏನ್ ನಿಮ್ಮ ಮುತ್ಯಾ ಹೊಡಿಸ್ಯಾನೇನು?"

ಅಂದು ಸೋಮೇಶನ ಮನೆಗೆ ನೀರು ಬಂತು. ಊಟ ಬಂದ್ ಆಯಿತು.