ದೊರೆಗೆ ಹೊದಿಸಿದ ಶಾಲು

ನಮ್ಮ ಡೆಟ್ರಾಯಿಟ್ ಕನ್ನಡಿಗರ ಫುಟ್‌ಬಾಲ್ ತಂಡವನ್ನು ಪಕ್ಕದ ಮನೆಯ ಇಂಗ್ಲಿಷ್ ದೊರೆಯ ಕೈಗೆ ಒಪ್ಪಿಸಿದ ದಿನವೇ, ಇದರಿಂದ ಏನೇನು ಕೆಡಬಹುದು ಎಂದು ನಾನು ಯೋಚಿಸಿಟ್ಟಿದ್ದೆ. ಡಾಕ್ಟರ್ ಅಂಕಲ್‌ಗೆ ಮೈದಾನದಲ್ಲೇ ಹಾರ್ಟ್ ಅಟ್ಯಾಕ್ ಆಗಬಹುದಿತ್ತು. ನಮ್ಮಲ್ಲಿದ್ದ ಹಾರ್ಟ್ ಡಾಕ್ಟರ್ ಅವರೊಬ್ಬರೇ ಆದ್ದರಿಂದ ನೋಡಲು ಬೇರೆ ಗತಿ ಇರಲಿಲ್ಲ. ಯಾರದಾದರೂ ಮಂಡಿ ಮುರಿದು, ಅವರ ಹೆಂಡತಿ ಲಾಯರ್ ಹಿಡಿದು, ನನ್ನ ಮನೆ ಹರಾಜಾಗಬಹುದಿತ್ತು. ಶಿಕಾಗೋಗೆ ಹೋಗುವಾಗ ಹೈವೇಯಲ್ಲಿ ಜಿಂಕೆ ಅಡ್ಡ ಬರಬಹುದಿತ್ತು. ಜಿಂಕೆ ತಪ್ಪಿದರೆ ಟೊರ್ನೇಡೋ. ಟೊರ್ನೇಡೋ ತಪ್ಪಿದರೆ ಮೊಸರನ್ನ ಹುಳಿಯಾಗುವುದು. ದೊರೆ ನಮ್ಮ ಹಿರಿಯರನ್ನು ಇಂಗ್ಲಿಷಿನಲ್ಲಿ ಬೈಯಬಹುದಿತ್ತು. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ಹಿರಿಯರಿಗೆ ಅದು ಅರ್ಥವಾಗಿಬಿಡಬಹುದಿತ್ತು!

ಇವುಗಳಲ್ಲಿ ಒಂದೂ ಆಗಲಿಲ್ಲ. ಕೊನೆಗೆ ಕೆಟ್ಟಿದ್ದು ಒಂದೇ ಒಂದು ಸಣ್ಣ ವಿಷಯ, ನಾನು ಯೋಚಿಸಿಯೇ ಇರದಿದ್ದ ವಿಷಯ. ಅದಿರಲಿ, ಮೊದಲು ದೊರೆಯ ಪರಿಚಯ ಆಗಬೇಕು. ಏಕೆಂದರೆ ಇವರಷ್ಟು ಅಚ್ಚುಕಟ್ಟಾಗಿ, ಇಷ್ಟು ಬಗೆಬಗೆಯಲ್ಲಿ ಕೆಲಸ ಕಳೆದುಕೊಂಡ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲೆ ಇರಲಾರ!

ತೊಂಬತ್ತರ ದಶಕದ ಕೊನೆಯಲ್ಲಿ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಪಕ್ಕದ ಮನೆಗೆ ಇಂಗ್ಲೆಂಡಿನ ಉತ್ತರದ ಕಡೆಯ ದಂಪತಿ ಬಂದರು. ನನ್ನ ಹೆಂಡತಿ ಮೊದಲ ದಿನವೇ ಅವರಿಗೆ ದೊರೆ, ದೊರೆಸಾನಿ ಎಂದು ನಾಮಕರಣ ಮಾಡಿಬಿಟ್ಟಳು. ಸ್ವಾತಂತ್ರ್ಯ ಬಂದು ಐವತ್ತು ವರ್ಷವಾದರೂ ನಮಗೆ ಈ ಚಪಲ ಹೋಗಿಲ್ಲ ನೋಡಿ! ದೊರೆ ಹುಡುಗನಾಗಿದ್ದಾಗ ದೊಡ್ಡ ಆಟಗಾರರ ಬೂಟು ಒರೆಸುತ್ತಾ ಫುಟ್‌ಬಾಲಿಗೆ ಸೇರಿದವರು. ಆಮೇಲೆ ಯಾರೂ ಕೇಳಿರದ ಊರುಗಳ ಯಾರೂ ಕೇಳಿರದ ಕ್ಲಬ್ಬುಗಳಿಗೆ ಸಂಬಳಕ್ಕೆ ಆಡಿದರು. ಮಂಡಿ ಕೈಕೊಟ್ಟ ಮೇಲೆ ಮ್ಯಾನೇಜರ್ ಆದರು. ಅಲ್ಲಿಂದ ಅವರ ನಿಜವಾದ ಸಾಧನೆ ಶುರು.

ಒಂದು ಕ್ಲಬ್ಬಿನವರು ಅವರನ್ನು ಕೆಲಸದಿಂದ ತೆಗೆದಾಗ ಅವರು ಕ್ಷೌರಕ್ಕೆ ಕುಳಿತಿದ್ದರಂತೆ. ಅಂಗಡಿಗೇ ಫೋನ್ ಬಂತು. ಕ್ಷೌರಿಕ ಅರ್ಧ ತಲೆಗೆ ನಿಲ್ಲಿಸಿ ರಿಸೀವರ್ ಕೊಟ್ಟ. ಇನ್ನೊಂದು ಕ್ಲಬ್ಬು ತೆಗೆದ ಸುದ್ದಿ ಪೆಟ್ರೋಲ್ ಬಂಕಿನಲ್ಲಿ ನೇತುಹಾಕಿದ್ದ ಪೇಪರಿನಲ್ಲಿ ಗೊತ್ತಾಯಿತು. ಮತ್ತೊಂದು ಕಡೆ ಯಾರೂ ಏನೂ ಹೇಳಲಿಲ್ಲ, ಬೆಳಿಗ್ಗೆ ಹೋದರೆ ಅವರ ಪಾರ್ಕಿಂಗ್ ಜಾಗದಲ್ಲಿ ಇನ್ನೊಬ್ಬರ ಕಾರು ನಿಂತಿತ್ತು, ಅಷ್ಟೇ.

"ಎಲ್ಲಕ್ಕಿಂತ ಡೇಂಜರ್ ಯಾವುದು ಗೊತ್ತಾ?" ಎಂದು ದೊರೆ ಒಮ್ಮೆ ಕೇಳಿದರು. "ಕ್ಲಬ್ಬಿನ ಅಧ್ಯಕ್ಷ ನಾಲ್ಕು ಜನರ ಮುಂದೆ ನಿಂತು, 'ಇವರ ಮೇಲೆ ನಮಗೆ ಪೂರ್ತಿ ವಿಶ್ವಾಸ ಇದೆ' ಅಂತಾನಲ್ಲ, ಅದು. ಹಾಗಂದ್ರೆ ಮನೆಗೆ ಹೋಗಿ ಪೆಟ್ಟಿಗೆ ಕಟ್ಟು ಅಂತ."

ಒಂದು ಮಾತು ಹೇಳಿಬಿಡುತ್ತೇನೆ. ದೊರೆಯ ಇಂಗ್ಲಿಷಿನಲ್ಲಿ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಇಲ್ಲಿ ಅವರು ಕನ್ನಡದಲ್ಲಿ ಆಡುವುದರಲ್ಲಿ ಉಳಿದರ್ಧ ನನ್ನ ಊಹೆ. ಆದರೆ ನಲವತ್ತೈದು ದಾಟಿದ, ಬಿ.ಪಿ. ಮಾತ್ರೆ ನುಂಗುವ ನನ್ನನ್ನು ಅವರು 'ಹುಡುಗಾ' ಎಂದೇ ಕರೆಯುತ್ತಿದ್ದರು. ಅದರಲ್ಲಿ ಊಹೆ ಇಲ್ಲ. ಅದೊಂದಕ್ಕೇ ನಾನು ಅವರು ಹೇಳಿದ ಕಡೆಯೆಲ್ಲಾ ಓಡಿದೆ.

ಡೆಟ್ರಾಯಿಟಿಗೆ ಅವರು ಒಂದು ಇನ್‌ಡೋರ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿ ಬಂದಿದ್ದರು. ವರ್ಷ ತುಂಬುವುದರೊಳಗೆ ಆ ತಂಡವೇ ಮುಚ್ಚಿಹೋಯಿತು. ಅವರನ್ನು ತೆಗೆಯಲು ಕೂಡ ಅಲ್ಲಿ ಯಾರೂ ಉಳಿದಿರಲಿಲ್ಲ! ಆಮೇಲೆ ಆಟದ ಸಾಮಾನಿನ ಅಂಗಡಿಯಲ್ಲಿ ಬೂಟು ಮಾರುತ್ತಿದ್ದರು. ದೊರೆಸಾನಿ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿಕೊಂಡರು.

ಒಂದು ಸಂಜೆ ನನ್ನ ಹೆಂಡತಿ ಅವರ ಮನೆಗೆ ಕೋಡುಬಳೆ ಕೊಟ್ಟು ಬಂದವಳು ಪಿಸುದನಿಯಲ್ಲಿ ಹೇಳಿದಳು: "ರೀ, ಅವ್ರ ಮನೇಲಿ ಗೋಡೆ ಮೇಲೆ ಒಂದು ಫೋಟೋ ಇಲ್ಲ. ಎಲ್ಲಾ ಕೆಳಗೆ ಒರಗಿಸಿಟ್ಟಿದ್ದಾರೆ, ಗೋಡೆ ಕಡೆ ಮುಖ ಮಾಡಿ. ಯಾಕೆ ಅಂತ ಕೇಳ್ದೆ. 'ಮದುವೆ ಆದಾಗಿಂದ ಹೀಗೇ. ಮೊಳೆ ಹೊಡೆಯೋಣ ಅಂದ್ರೆ, ಈ ಸೀಸನ್ ಒಂದು ಮುಗೀಲಿ ಅಂತಾರೆ' ಅಂದ್ರು. ನಗ್ತಾನೇ ಅಂದ್ರು, ಆದ್ರೆ..."

ಆ 'ಆದ್ರೆ' ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಒಂದು ಮೊಳೆ ಹೊಡೆಯುವಷ್ಟು ಧೈರ್ಯ ಕೊಡುವ ಕೆಲಸ ಈ ಮನುಷ್ಯನಿಗೆ ಎಲ್ಲೂ ಸಿಗಲಿಲ್ಲವೇ?

ಇತ್ತ ನಮ್ಮ ಕನ್ನಡ ಸಂಘಕ್ಕೂ ಶಿಕಾಗೋ ಕಡೆಯ ಕನ್ನಡಿಗರಿಗೂ ಪ್ರತಿ ಬೇಸಿಗೆ ಪಿಕ್ನಿಕ್ಕಿನಲ್ಲಿ ಒಂದು ಫುಟ್‌ಬಾಲ್ ಪಂದ್ಯ. ಅವರ ಕಡೆ ಲೊಂಬಾರ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಇರುವ, ಮದುವೆಯಾಗದ, ಹೊಟ್ಟೆ ಬಾರದ ಸಾಫ್ಟ್‌ವೇರ್ ಹುಡುಗರು. ನಮ್ಮ ಕಡೆ ನಾವು. ಗೋಲು ಹೊಡೆಯಲು ಸಂಘದ ಅಧ್ಯಕ್ಷರಾದ ಡಾಕ್ಟರ್ ಅಂಕಲ್. ಮಿಕ್ಕ ಹೊಟ್ಟೆಗಳ ನಡುವೆ ನಿಜವಾಗಿ ಆಟ ಬರುವವರು ಒಬ್ಬರೇ, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಹುಬ್ಬಳ್ಳಿಯ ಸಲೀಂ ಭಾಯಿ. ನಾನು ಹೋಗಿ ದೊರೆಯನ್ನು ಕೇಳಿದೆ. ಅವರು "ನಿಮ್ಮ ಅಧ್ಯಕ್ಷ ಎಂಥವನು?" ಎಂದಷ್ಟೇ ವಿಚಾರಿಸಿ, ಒಪ್ಪಿಕೊಂಡರು.

ಮೊದಲ ಪ್ರಾಕ್ಟೀಸಿನಲ್ಲೇ ನನ್ನನ್ನು ಗೋಲ್‌ಕೀಪರ್ ಮಾಡಿದರು.

"ಸರ್, ನಂಗೆ ಬಾಲ್ ಕಂಡ್ರೆ ಭಯ," ಎಂದೆ.

"ಗೊತ್ತು ಹುಡುಗಾ. ಗೋಲಿನಲ್ಲಿ ನಿಲ್ಲೋನು ಯಾವಾಗಲೂ ಕೆಟ್ಟದ್ದನ್ನೇ ಯೋಚನೆ ಮಾಡಬೇಕು. ನೀನು ಅದಕ್ಕೇ ಹುಟ್ಟಿದವನು."

ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಕಾಯಿಲೆ ಎಂದುಕೊಂಡಿದ್ದನ್ನು ಪ್ರತಿಭೆ ಎಂದು ಗುರುತಿಸಿದ ಮೊದಲ ಮನುಷ್ಯ!

ದೊರೆಗೆ ತಲೆನೋವಾಗಿದ್ದು ನಮ್ಮ ಆಟವಲ್ಲ, ನಮ್ಮ ಮರ್ಯಾದೆ. ಬಾಲು ಗೋಲಿನ ಮುಂದೆ ಬಂದು ನಿಂತಿದೆ, ಕಾಲು ತಾಗಿಸಿದರೆ ಸಾಕು. ಆಗ ನಮ್ಮವರು, "ಅಂಕಲ್, ನೀವು ಹೊಡೀರಿ," "ಏ, ಇಲ್ಲಪ್ಪಾ, ನೀನು ಹೊಡಿ," "ಛೆ ಛೆ, ನಿಮ್ಮ ಮುಂದೆ ನಾನಾ?" ಎಂದು ಶುರು ಮಾಡುವರು. ಹೋಟೆಲಿನಲ್ಲಿ ಬಿಲ್ಲಿಗೆ ಕಿತ್ತಾಡುವ ಜನ, ಗೋಲನ್ನು ಬಿಡುತ್ತಾರೆಯೇ? ಅಷ್ಟರಲ್ಲಿ ಎದುರಾಳಿ ಬಂದು ಬಾಲನ್ನು ಸಾವಕಾಶವಾಗಿ ತೆಗೆದುಕೊಂಡು ಹೋಗುವನು. ದೊರೆ ಯೋಚಿಸಿ ಒಂದು ಕಾನೂನು ತಂದರು: ಇಬ್ಬರಿದ್ದರೆ ವಯಸ್ಸಿನಲ್ಲಿ ಚಿಕ್ಕವನು ಹೊಡೆಯಬೇಕು. ಅದೂ ಕೆಟ್ಟಿತು. ಮಾರನೆಯ ವಾರ ಗೋಲಿನ ಮುಂದೆ ಇಬ್ಬರು ಎಂಜಿನಿಯರುಗಳು ಬಾಲನ್ನು ನಡುವೆ ಇಟ್ಟುಕೊಂಡು, "ನೀವು ಯಾವ ಬ್ಯಾಚು?" "ನೀವು ಎನ್.ಐ.ಇ.ನಾ? ಹಾಗಾದ್ರೆ ನಮ್ಮ ಷಡ್ಕ ಗೊತ್ತಿರಬೇಕಲ್ಲ!" ಎಂದು ಮಾತಿಗೆ ನಿಂತರು.

ಸಲೀಂ ಭಾಯಿ ದೂರದಿಂದಲೇ ಕೂಗಿದರು: "ಏನ್ರೀ ಸಾಹೇಬ್ರ, ಸಂಬಂಧ ಬೆಳಸಾಕ ಬಂದೀರೇನು? ಒದೀರಿ ಅದನ್ನ!"

ಮೊದಲ ವರ್ಷ ಪಂದ್ಯ ಲೊಂಬಾರ್ಡ್ ಹತ್ತಿರ. ದಾರಿಯಲ್ಲಿ ಏನಾದರೂ ಆದರೆ ಎಂದು ನಾನು ಎಲ್ಲರನ್ನೂ ಎರಡು ಗಂಟೆ ಮುಂಚೆ ಹೊರಡಿಸಿದೆ. ಏನೂ ಆಗಲಿಲ್ಲ. ಮೇಲಾಗಿ ಶಿಕಾಗೋ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎಂಬುದನ್ನು ಮರೆತಿದ್ದೆ. ಹೀಗಾಗಿ ಮೂರು ಗಂಟೆ ಮುಂಚೆ ಹೋಗಿ ಖಾಲಿ ಮೈದಾನದಲ್ಲಿ ಕುಳಿತೆವು. ಸುಮ್ಮನೆ ಕುಳಿತು ಏನು ಮಾಡುವುದು? ಕಟ್ಟಿಕೊಂಡು ಬಂದಿದ್ದ ಬಿಸಿಬೇಳೆಬಾತ್, ಪುಳಿಯೋಗರೆ, ಮೊಸರನ್ನ ಎಲ್ಲವನ್ನೂ ಪಂದ್ಯಕ್ಕೆ ಮೊದಲೇ ಮುಗಿಸಿದೆವು. ದೊರೆ ತಂದಿದ್ದ ಕಿತ್ತಳೆ ತೊಳೆಗಳನ್ನು ಯಾರೂ ಮುಟ್ಟಲಿಲ್ಲ. ಪಂದ್ಯ ಏನಾಯಿತೆಂದು ಕೇಳುತ್ತೀರಾ? ದಯವಿಟ್ಟು ಕೇಳಬೇಡಿ. ಗೋಲಿನಲ್ಲಿ ನಿಂತು ನನಗೆ ತೂಕಡಿಕೆ ಬಂದಿತ್ತು.

ಮುಗಿದ ಮೇಲೆ ಕಮಿಟಿಯವರು ಮರದ ಕೆಳಗೆ ಮೀಟಿಂಗ್ ಮಾಡಿದರು. ದೊರೆ ನನ್ನ ವ್ಯಾನಿನ ಪಕ್ಕ ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತಿದ್ದರು.

"ಏನು ತೀರ್ಮಾನ ಆಯಿತು?" ಎಂದು ನನ್ನನ್ನು ಕೇಳಿದರು.

"ಮುಂದಿನ ವರ್ಷ ಪುಳಿಯೋಗರೆಗೆ ಕಡಲೆಬೀಜ ಜಾಸ್ತಿ ಹಾಕ್ಬೇಕು ಅಂತ."

"ಮತ್ತೆ ನಾನು?"

"ನೀವೂ ಬರ್ತೀರಲ್ಲ ಸರ್?"

ದೊರೆ ಕೋಟಿನ ಗುಂಡಿ ಬಿಚ್ಚಿ ವ್ಯಾನು ಹತ್ತಿದರು. ಎರಡನೆಯ ವರ್ಷವೂ ಸೋತೆವು. ಆಗಲೂ ಅವರು ಹಾಗೆಯೇ ನಿಂತರು, ಕಮಿಟಿ ಆಗಲೂ ಊಟದ ವಿಷಯವನ್ನೇ ಮಾತಾಡಿತು. ಫೋಟೋಗಳು ಮಾತ್ರ ಗೋಡೆ ಕಡೆ ಮುಖ ಮಾಡಿಕೊಂಡೇ ಇದ್ದವು.

ಮೂರನೆಯ ವರ್ಷ ಪಂದ್ಯ ನಮ್ಮಲ್ಲಿ. ಅವರು ಒಂದು ಗೋಲು ಹೊಡೆದರು. ಸಲೀಂ ಭಾಯಿ ಯಾರನ್ನೂ ಅಪ್ಪಣೆ ಕೇಳದೆ ಒಂದು ಹೊಡೆದರು. ಕೊನೆಯ ನಿಮಿಷದಲ್ಲಿ ನಾನು ಆಕಾಶದಲ್ಲಿ ಮೋಡ ಕಂಡು, ಟೊರ್ನೇಡೋ ಬಂದರೆ ಹೆಂಗಸರನ್ನೆಲ್ಲಾ ಎಲ್ಲಿ ಕೂರಿಸುವುದು ಎಂದು ಚಿಂತಿಸುತ್ತಿದ್ದಾಗ ಬಾಲು ಬಂದು ನನ್ನ ಹೊಟ್ಟೆಗೆ ಬಡಿದು ಹಿಂದಿರುಗಿತು. ಡ್ರಾ! ನಮ್ಮ ಇತಿಹಾಸದಲ್ಲೇ ಮೊದಲ ಬಾರಿ ಸೋಲಲಿಲ್ಲ. ನನ್ನ ಹೊಟ್ಟೆಗೆ ಅಷ್ಟು ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲ.

ಆ ಸಂಭ್ರಮದಲ್ಲಿ ದೊರೆಗೆ ಸನ್ಮಾನ ಮಾಡೋಣ ಎಂದವನು ನಾನೇ. ನಮಗೆ ಪ್ರೀತಿ ಉಕ್ಕಿದರೆ ಬೇರೇನು ಬರುತ್ತದೆ? ಯಾರದೋ ಕಾರಿನಲ್ಲಿ ಶಾಲು ಇತ್ತು. ಕನ್ನಡಿಗರ ಕಾರಿನಲ್ಲಿ ಒಂದು ಶಾಲು ಇದ್ದೇ ಇರುತ್ತದೆ. ಮೈಸೂರು ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ದೊರೆಯನ್ನು ಕುರ್ಚಿಯಲ್ಲಿ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿದೆವು. ಡಾಕ್ಟರ್ ಅಂಕಲ್ ಮೈಕ್ ಹಿಡಿದು, ಅತಿಥಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಭಾಷಣ ಮಾಡಿದರು. ದೊರೆಯ ಸೇವೆಯನ್ನು ಹೊಗಳಿದರು, ಕೃತಜ್ಞತೆ ಅರ್ಪಿಸಿದರು, ಅವರಿಗೆ ಆಯುರಾರೋಗ್ಯ ಕೋರಿದರು. ಕೊನೆಯಲ್ಲಿ ದನಿ ಏರಿಸಿ, "ಇವರ ಮೇಲೆ ನಮಗೆ ಪೂರ್ತಿ ವಿಶ್ವಾಸ ಇದೆ!" ಎಂದರು.

ದೊರೆಯ ಮುಖ ಬಿಳಿಚಿಕೊಂಡಿತು. ಇದ್ದದ್ದೇ ಬಿಳಿ, ಆದರೂ ಬಿಳಿಚಿಕೊಂಡಿತು. ಎದ್ದು ಒಬ್ಬೊಬ್ಬರ ಕೈಯನ್ನೂ ಕುಲುಕಿದರು. ಕೊರಳಿನ ವಿಶಲ್ ತೆಗೆದು ನನ್ನ ಕೈಯಲ್ಲಿಟ್ಟು, "ಇಷ್ಟು ಮರ್ಯಾದೆಯಿಂದ ಯಾರೂ ಮಾಡಿರಲಿಲ್ಲ ಹುಡುಗಾ," ಎಂದು ಕಾರು ಹತ್ತಿದರು. ನನಗೋ ಹೆಮ್ಮೆ! ಸನ್ಮಾನ ಮನಸ್ಸಿಗೆ ತಟ್ಟಿದೆ ಎಂದುಕೊಂಡೆ.

"ಡ್ಯಾಡ್, ಹಿ ವಾಸ್ ಕ್ರೈಯಿಂಗ್," ಎಂದಳು ಪಕ್ಕದಲ್ಲಿದ್ದ ನನ್ನ ಮಗಳು.

"ಆನಂದಬಾಷ್ಪ ಕಣೇ," ಎಂದೆ.

ಮುಂದಿನ ಪ್ರಾಕ್ಟೀಸಿಗೆ ದೊರೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಒಂದು ಬೆಳಿಗ್ಗೆ ಹೆಂಡತಿ ಕಿಟಕಿಯಿಂದ ನೋಡಿ, "ರೀ, ಪಕ್ಕದ ಗರಾಜಿನಲ್ಲಿ ರಟ್ಟಿನ ಡಬ್ಬ ಜೋಡಿಸ್ತಿದ್ದಾರೆ!" ಎಂದಳು. ಆಗ ನನ್ನ ತಲೆಯಲ್ಲಿ ಕ್ಷೌರದಂಗಡಿ, ಪೆಟ್ರೋಲ್ ಬಂಕು, ಡಾಕ್ಟರ್ ಅಂಕಲ್ ಭಾಷಣ ಎಲ್ಲವೂ ಒಟ್ಟಿಗೆ ಗಿರಗಿರ ತಿರುಗಿದವು. ನಾವು ಶಾಲು ಹೊದಿಸಿ ದೊರೆಯನ್ನು ಕೆಲಸದಿಂದ ತೆಗೆದುಬಿಟ್ಟಿದ್ದೆವು! (ಮೊದಲು ಹೇಳಿದ ಸಣ್ಣ ವಿಷಯ ಇದೇ ಎಂದುಕೊಂಡಿರಾ? ಇದು ಸಣ್ಣದೇ? ನನ್ನ ಬಿ.ಪಿ.ಯನ್ನು ಕೇಳಿ ನೋಡಿ.)

ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದೆ. ಡಬ್ಬಗಳ ನಡುವೆ ದೊರೆ ಕುಳಿತಿದ್ದರು. ಹೆಗಲ ಮೇಲೆ ಅದೇ ಶಾಲು.

"ಸರ್, ಅದು ಡಿಸ್ಮಿಸ್ ಅಲ್ಲ ಸರ್! ಸಂತೋಷಕ್ಕೆ ಹೊದಿಸಿದ್ದು!"

ಅವರು ನನ್ನನ್ನೇ ನೋಡಿದರು. "ನಿಮ್ಮಲ್ಲಿ ನಿವೃತ್ತಿಯಾದವನಿಗೆ ಏನು ಮಾಡ್ತೀರಿ?"

"ಅದು... ಶಾಲು ಹೊದಿಸ್ತೀವಿ."

"ಮತ್ತೆ, ಇವನು ನಮ್ಮಲ್ಲೇ ಇರಲಿ ಅನ್ನಿಸಿದವನಿಗೆ?"

"ಅವ್ರಿಗೂ ಶಾಲೇ ಸರ್."

"ಹಾಗಾದ್ರೆ ನಿಜವಾಗಿ ತೆಗೀಬೇಕಾದ್ರೆ ಏನು ಮಾಡ್ತೀರಿ?"

ನಾನು ನಿಜಕ್ಕೂ ಯೋಚಿಸಿದೆ. ನಮ್ಮ ಸಂಘದ ಖಜಾಂಚಿಗೆ ಕೂಡಿಸಲು ಬರುವುದಿಲ್ಲ. ಸಂಘ ಹುಟ್ಟಿದಾಗಿನಿಂದ ಅವರೇ ಖಜಾಂಚಿ. ಪ್ರಾರ್ಥನೆ ಹಾಡುವ ಆಂಟಿಗೆ ಶ್ರುತಿ ಸೇರಿದ್ದು ಯಾರೂ ಕೇಳಿಲ್ಲ. ಇಂದಿಗೂ ಅವರೇ ಹಾಡುತ್ತಾರೆ.

"ತೆಗೆಯೋದು ನಮಗೆ ಬರೋದೇ ಇಲ್ಲ ಸರ್," ಎಂದೆ. "ಗೊತ್ತಿದ್ದಿದ್ರೆ ಮೊದಲು ನನ್ನನ್ನ ಗೋಲಿನಿಂದ ತೆಗೀತಿದ್ರು."

ಜೇಬಿನಲ್ಲಿದ್ದ ವಿಶಲ್ ತೆಗೆದು ಕೊಟ್ಟೆ. ದೊರೆ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು. ಆಮೇಲೆ ಕೊರಳಿಗೆ ಹಾಕಿಕೊಂಡು, ಒಳಬಾಗಿಲಲ್ಲಿ ನಿಂತಿದ್ದ ದೊರೆಸಾನಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು: "ನಮ್ಮ ಮನೇಲಿ ಸುತ್ತಿಗೆ ಇದೆಯಾ?"

ಇರಲಿಲ್ಲ. ಎಂದೂ ಬೇಕಾಗಿರಲಿಲ್ಲವಲ್ಲ! ನಮ್ಮ ಮನೆಯಿಂದ ಸುತ್ತಿಗೆ, ಮೊಳೆ ತಂದೆ. ದೊರೆಸಾನಿ ಒರಗಿಸಿಟ್ಟ ಫೋಟೋಗಳಲ್ಲಿ ಒಂದನ್ನು ಹುಡುಕಿ ತಿರುಗಿಸಿದರು. ಮಳೆಯಲ್ಲಿ ನೆನೆದ ಮೈದಾನ, ಕೆಸರು ಮೆತ್ತಿದ ಅಂಗಿಯ ತರುಣ ದೊರೆ, ಅವರ ತೋಳು ಹಿಡಿದು ನಗುತ್ತಿರುವ ಹುಡುಗಿ. ದೊರೆ ಫೋಟೋ ಹಿಡಿದು ನಿಂತರು, ಮೊಳೆಯನ್ನು ನಾನೇ ಹೊಡೆದೆ. ಗೋಡೆಯೊಳಗೆ ಕರೆಂಟಿನ ವೈರು ಇದ್ದರೆ? ನೀರಿನ ಪೈಪು ಇದ್ದರೆ? ಎಂದು ಹೆದರಿ ಹೆದರಿ ಹೊಡೆದದ್ದಕ್ಕೆ ಮೊಳೆ ಬಾಗಿತು. ಫೋಟೋ ಎಡಕ್ಕೆ ವಾಲಿಕೊಂಡು ನಿಂತಿತು.

"ತೆಗೆದು ಸರಿಯಾಗಿ ಹೊಡೀಲಾ ಸರ್?" ಎಂದೆ.

ದೊರೆ ದೊರೆಸಾನಿಯ ಹೆಗಲ ಮೇಲೆ ಶಾಲಿನ ಇನ್ನೊಂದು ತುದಿ ಎಳೆದು ಹಾಕಿದರು. "ಬೇಡ ಹುಡುಗಾ. ಅಲ್ಲೇ ಇರಲಿ."

ಅಷ್ಟೇ. ಕೊನೆಗೂ ಕೆಟ್ಟಿದ್ದು ಆ ಒಂದು ಮೊಳೆ.