ಹನ್ನೆರಡಡಿ ಎರಡೂಮುಕ್ಕಾಲು ಇಂಚು

೧೯೯೧ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಇಯತ್ತೆ; ದೀಪಾವಳಿ ರಜೆ ಮುಗಿದ ಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆಲ್ಲ ‘ಮನೆಯ ತಾಪತ್ರಯ’ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ನನಗೇ ಅದು ನಿಜವೆನಿಸಿ ಒಮ್ಮೊಮ್ಮೆ ಕಣ್ಣಲ್ಲಿ ನೀರೂ ಬಂದದ್ದುಂಟು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಮನೆಯಲ್ಲಿ ಎಲ್ಲ ಸರಿಯಾಗಿಯೇ ಇತ್ತು. ತಾಪತ್ರಯ ಇದ್ದದ್ದು ವೃತ್ತದಲ್ಲಿ. ಗಣಿತದ ಮಾಸ್ತರರು ಹಲಗೆಯ ಮೇಲೆ ಒಂದು ವೃತ್ತ ಬರೆದು, ನಡುವೆ ಚುಕ್ಕೆಯಿಟ್ಟು, ಚುಕ್ಕೆಯಿಂದ ಎರಡು ಗೆರೆ ಎಳೆದು, “ಇದೇನು ಹೇಳು” ಎಂದು ನನ್ನನ್ನು ಎಬ್ಬಿಸಿದರು. “ಸರ, ಇದು ಯಾವ ಚಕ್ಕಡಿ ಗಾಲಿ? ಎರಡೇ ಅರ ಅದಾವಲ್ಲ” ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಮಾಸ್ತರರು ನಗಲಿಲ್ಲ. “ನೀ ಗಾಲಿ ರಿಪೇರಿಗಷ್ಟ ಲಾಯಕ್ಕು” ಎಂದರು. ಬೇರೆ ಹುಡುಗರು ಇಂಥ ಮಾತನ್ನು ಬೈಗುಳವೆಂದು ತಿಳಿಯುತ್ತಾರೆ. ನಾನು ಸಲಹೆಯೆಂದು ತಿಳಿದು, ಶಿರಸಿಗೆ ಬಂದು ವೆಲ್ಡಿಂಗ್ ಅಂಗಡಿ ಸೇರಿದೆ.

ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕುಗಳಲ್ಲಿ ನೀವು ಯಾವ ಊರಿಗೆ ಹೋದರೂ ನಾನು ಮಾಡಿದ ಗೇಟನ್ನು ತಳ್ಳಿಯೇ ಒಳಗೆ ಹೋಗಬೇಕು. ಹೆಮ್ಮೆಯ ಮಾತಾಯಿತು, ಇರಲಿ. ದುಡಿದವನಿಗೆ ಅಷ್ಟಾದರೂ ಇರಬೇಡವೇ? ಮಜವೆಂದರೆ ಈ ಗೇಟುಗಳಲ್ಲಿ ಜನ ಕೇಳುವುದು ಆ ವೃತ್ತವನ್ನೇ: ಒಬ್ಬರಿಗೆ ಅರ್ಧ ಚಂದ್ರ ಬೇಕು, ಒಬ್ಬರಿಗೆ ಸೂರ್ಯೋದಯ, ಇನ್ನೊಬ್ಬರಿಗೆ ಕಮಾನು. ಇದಕ್ಕೆಲ್ಲ ನನ್ನ ಹತ್ತಿರ ಇರುವುದು ಒಂದು ಮೊಳೆ, ಒಂದು ಹುರಿ, ಒಂದು ಸೀಮೆಸುಣ್ಣದ ತುಂಡು. ಅಂಗಡಿಯ ನೆಲದ ಮೇಲೆ ಮೊಳೆ ಹೊಡೆದು, ಹುರಿ ಕಟ್ಟಿ, ಸುಣ್ಣದಿಂದ ಇದ್ದಷ್ಟೇ ದೊಡ್ಡದಾಗಿ ಕಮಾನು ಬರೆಯುವುದು. ಆ ಗೆರೆಯ ಮೇಲೆ ಹುರಿಯನ್ನು ಹಾಸಿ, ಆಮೇಲೆ ಹುರಿಯನ್ನು ಎಳೆದು ಟೇಪಿಗೆ ಹಿಡಿಯುವುದು. ಪೈಪು ಎಷ್ಟು ಉದ್ದ ಬೇಕೆಂದು ಅದೇ ಹೇಳುತ್ತದೆ. ಇಂಜಿನಿಯರುಗಳು ಬಂದು ನಿಂತು ನೋಡಿ, “ನಿಮಗೆ ಫಾರ್ಮುಲಾ ಬೇಡವಾ ಮಿಸ್ತ್ರಿ?” ಎಂದು ಕೇಳಿದ್ದುಂಟು. “ಇಲ್ಲಿ ಹುರಿಗೆ ಬರವಿಲ್ಲ ಸಾಹೇಬರ” ಎಂದು ನಾನು ಅವರನ್ನು ಕಳಿಸಿದ್ದುಂಟು.

ಹೀಗಿರುವಾಗ ನಾನು ಬಿಟ್ಟುಬಂದ ಆ ಶಾಲೆಯೇ ನನ್ನನ್ನು ಹುಡುಕಿಕೊಂಡು ಬಂತು. ಶಾಲಾ ಸಮಿತಿಯ ಅಧ್ಯಕ್ಷರಾದ ಬಸವಣ್ಣೆಪ್ಪನವರು, ಬನವಾಸಿ ಕಡೆಯ ಖಡಕ್ ಮನುಷ್ಯ, ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, “ಮಿಸ್ತ್ರಿ, ಸಾಲಿ ಗೇಟಿಗೆ ಒಂದ್ ಕಮಾನ್ ಆಗಬೇಕ್ರಿ. ಕಂಬಗೋಳ ನಡುವ ಹನ್ನೆರಡಡಿ. ನಡುಮಧ್ಯ ಒಂದಡಿ ಎತ್ತರ. ಪುಕ್ಕಟ ಮಾಡಿಕೊಟ್ರ ಕೆಳಗ ನಿಮ್ಮ ಹೆಸರು ಬರಸ್ತೀವಿ” ಎಂದರು. ಯಾವ ಶಾಲೆಯ ಹಾಜರಿ ಪುಸ್ತಕದಿಂದ ನನ್ನ ಹೆಸರನ್ನು ಹೊಡೆದು ಹಾಕಿದ್ದರೋ ಆ ಶಾಲೆಯ ಹೆಬ್ಬಾಗಿಲ ಮೇಲೆ ನನ್ನ ಹೆಸರು! ಅವರು ಮಾತು ಮುಗಿಸುವ ಮೊದಲೇ ಒಪ್ಪಿಬಿಟ್ಟೆ. ವಾರ್ಷಿಕೋತ್ಸವಕ್ಕೆ ಐದು ದಿನ ಉಳಿದಿತ್ತು.

ಅಂದೇ ನೆಲಕ್ಕೆ ಮೊಳೆ ಹೊಡೆದೆ. ಕಮಾನು ತೀರಾ ಗುಂಡಗೆ ಬಂತು. ಮೊಳೆಯನ್ನು ಹಿಂದೆ ಸರಿಸಿದೆ, ಆದರೂ ಗುಂಡಗೆ. ಇನ್ನೂ ಹಿಂದೆ. ಕಮಾನು ಚಪ್ಪಟೆಯಾದಷ್ಟೂ ಅದರ ಕೇಂದ್ರ ದೂರ ಓಡುತ್ತದೆಂಬುದು ನಿಮಗೆ ಗೊತ್ತಿದೆಯೋ ಇಲ್ಲವೋ, ನನಗೆ ಅಂದು ಗೊತ್ತಾಯಿತು. ಕೇಂದ್ರ ಅಂಗಡಿಯ ಹೊಸ್ತಿಲು ದಾಟಿತು, ಗಟಾರ ದಾಟಿತು, ಓಣಿಯನ್ನೂ ದಾಟಿ ಎದುರಿನ ಭಟ್ಟರ ಹೋಟೆಲಿನ ಮೆಟ್ಟಿಲಿಗೆ ಹೋಗಿ ನಿಂತಿತು. ನಾನು ಹುರಿ ಹಿಡಿದುಕೊಂಡು ಮೆಟ್ಟಿಲಿಗೆ ಮೊಳೆ ಇಡುವಷ್ಟರಲ್ಲಿ ಭಟ್ಟರು ಸೌಟು ಹಿಡಿದೇ ಹೊರಗೆ ಬಂದರು.

“ಎಂತ ಮಾರಾಯ ಇದು? ನಿನ್ನ ಕಮಾನಿಗೆ ನನ್ನ ಹೋಟ್ಲು ಎಂತಕ್ಕೆ?”

“ಭಟ್ರ, ಕೇಂದ್ರ ಇಲ್ಲೇ ಬರತೈತ್ರಿ. ನಾ ಏನ್ ಮಾಡ್ಲಿ?”

“ಕೇಂದ್ರ ಬಂದ್ರೆ ಚಾ ಕುಡ್ಕೊಂಡು ಹೋಗ್ಲಿ. ಮೊಳೆ ಹೊಡೆಯೂದು ಬೇಡ!”

ಅಷ್ಟರಲ್ಲಿ ಓಣಿಗೆ ಅಡ್ಡವಾಗಿದ್ದ ಹುರಿಯ ಮುಂದೆ ಒಬ್ಬ ಸ್ಕೂಟರ್ ನಿಲ್ಲಿಸಿ, ಕಿಸೆಗೆ ಕೈ ಹಾಕುತ್ತ, “ಗಣಪತಿ ಹಬ್ಬ ಮುಗೀತಲ್ಲ, ಇದು ಯಾವ ಚಂದಾ?” ಎಂದ. ನಾನು ಹುರಿ ಸುತ್ತಿಕೊಂಡು ಒಳಗೆ ಬಂದೆ.

ಇದನ್ನೆಲ್ಲ ನೋಡುತ್ತ ಕೂತಿದ್ದವಳು ನನ್ನ ಮಗಳು ಗಂಗಾ. ಪಿಯುಸಿ ಮೊದಲ ವರ್ಷ, ಸೈನ್ಸ್. ಕಾಲೇಜು ಬಿಟ್ಟ ಮೇಲೆ ಅಂಗಡಿಯಲ್ಲೇ ಕೂತು ಲೆಕ್ಕ ಬಿಡಿಸುತ್ತಾಳೆ. ಆ ಲೆಕ್ಕಗಳನ್ನು ಒಮ್ಮೆ ಓದಿಸಿ ಕೇಳಿದ್ದೆ. ಒಂದು ಹಸುವನ್ನು ಗೂಟಕ್ಕೆ ಕಟ್ಟಿದ್ದಾರಂತೆ, ಅದು ಹಗ್ಗವನ್ನು ಬಿಗಿಯಾಗಿ ಹಿಡಿದು ಇಂತಿಷ್ಟು ಅಡಿ ನಡೆಯಿತಂತೆ, ಹಾಗಾದರೆ ಗೂಟದ ಹತ್ತಿರ ಆದ ಕೋನವೆಷ್ಟು? ನಮ್ಮ ಮನೆಯಲ್ಲೂ ಹಸುಗಳಿದ್ದವು. ಹಗ್ಗ ಬಿಗಿ ಹಿಡಿದು ಕಂಪಾಸಿನಂತೆ ನಡೆದ ಒಂದನ್ನೂ ನಾನು ಕಾಣಲಿಲ್ಲ. ಹಸು ಹಗ್ಗವನ್ನು ಕಾಲಿಗೆ ಸುತ್ತಿಕೊಳ್ಳುತ್ತದೆ, ಇಲ್ಲವೇ ಗೂಟವನ್ನೇ ಕಿತ್ತುಕೊಂಡು ಪಕ್ಕದವರ ಹೊಲಕ್ಕೆ ಹೋಗುತ್ತದೆ. ಆಗ ಎಷ್ಟು ಡಿಗ್ರಿಯ ಜಗಳವಾಗುತ್ತದೆಂದು ಯಾವ ಪುಸ್ತಕವೂ ಕೇಳುವುದಿಲ್ಲ.

ಗಂಗಾ ಹತ್ತೇ ನಿಮಿಷದಲ್ಲಿ ಲೆಕ್ಕದ ವಹಿಯನ್ನು ಮುಂದೆ ಹಿಡಿದಳು. “ಅಪ್ಪಾ, ತ್ರಿಜ್ಯ ಹದಿನೆಂಟೂವರೆ ಅಡಿ. ಕೇಂದ್ರದಾಗಿನ ಕೋನ ಸುಮಾರು ಮೂವತ್ತೆಂಟು ಡಿಗ್ರಿ. ಅದನ್ನ ರೇಡಿಯನ್ ಮಾಡಿ ತ್ರಿಜ್ಯಕ್ಕ ಗುಣಿಸಿದ್ರ ಕಮಾನಿನ ಉದ್ದ ಬರತೈತಿ. ಹನ್ನೆರಡಡಿ ಎರಡೂಮುಕ್ಕಾಲು ಇಂಚು.”

ನನಗೆ ನಗು ತಡೆಯಲಾಗಲಿಲ್ಲ. “ಏ ಹುಚ್ಚಿ, ನೆಟ್ಟಗ ಇಟ್ರ ಹನ್ನೆರಡಡಿ. ಒಂದಡಿ ಮ್ಯಾಲ ಹತ್ತಬೇಕು, ಒಂದಡಿ ಕೆಳಗ ಇಳೀಬೇಕು. ಎರಡಡಿ ಹೆಚ್ಚು ಬ್ಯಾಡೇನು? ಎರಡೂಮುಕ್ಕಾಲು ಇಂಚಿನಾಗ ಒಂದಡಿ ಹತ್ತೂದು ಅದ್ಯಾವ ಕಾಲೇಜಿನಾಗ?”

“ಅಪ್ಪಾ, ಅದು ಏಣಿ ಹತ್ತಿದಂಗ ಹತ್ತಂಗಿಲ್ಲ. ಆರಡಿ ಹೋಗೂತನಾ ಓರೆಯಾಗಿ ಸಾವಕಾಶ ಹತ್ತತೈತಿ.”

“ಮೂವತ್ತು ವರ್ಷ ಪೈಪ್ ಬಗ್ಗಿಸಿದವ ನಾನು” ಎಂದೆ. ವಾದದಲ್ಲಿ ಉತ್ತರ ಸಿಗದಾಗ ವಯಸ್ಸನ್ನು ಮುಂದೆ ತರುವುದು ಮಾಸ್ತರರಿಂದ ನಾನು ಕಲಿತ ಒಂದೇ ವಿದ್ಯೆ. ಅವಳು ವಹಿ ಮುಚ್ಚಿದಳು. ನಾನು ಹದಿನಾಲ್ಕು ಅಡಿಗೆ ಪೈಪು ಕತ್ತರಿಸಿದೆ.

ವಾರ್ಷಿಕೋತ್ಸವದ ಹಿಂದಿನ ದಿನ ಬೆಳಿಗ್ಗೆ ಪೈಪನ್ನೂ ಬಗ್ಗಿಸುವ ರೋಲರನ್ನೂ ಟೆಂಪೋದಲ್ಲಿ ಹಾಕಿಕೊಂಡು ಶಾಲೆಗೆ ಹೋದೆ. ಅಂಗಡಿಯಲ್ಲೇ ಬಗ್ಗಿಸಬಹುದಿತ್ತು, ಆದರೆ ನನ್ನ ಕೈಚಳಕವನ್ನು ನನ್ನ ಶಾಲೆ ನೋಡಬೇಡವೇ? ಮಾಸ್ತರರು, ಮಕ್ಕಳು, ಸಮಿತಿಯವರು ಸುತ್ತ ನಿಂತರು. ನಾನು ರೋಲರು ತಿರುಗಿಸುತ್ತ ಹೋದೆ. ಪೈಪಿನ ಎರಡು ತುದಿ ಹದಿಮೂರು ಅಡಿಗೆ ಬಂದವು, ಹನ್ನೆರಡೂವರೆಗೆ ಬಂದವು, ಕೊನೆಗೆ ಹನ್ನೆರಡಕ್ಕೆ ಬಂದು ಕಂಬದ ಮೇಲೆ ಲಕ್ಷಣವಾಗಿ ಕೂತವು. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ನಿಧಾನವಾಗಿ ತಲೆ ಎತ್ತಿದರು. ಕಮಾನು ನಡುವೆ ಒಂದಡಿಯಲ್ಲ, ಮೂರಡಿ ಎದ್ದು ನಿಂತಿತ್ತು. ಒಂದಡಿಯ ಕಮಾನಿಗೆಂದು ಪೇಂಟರು ಕತ್ತರಿಸಿ ತಂದಿದ್ದ ನಾಮಫಲಕವನ್ನು ಕಟ್ಟಿ ನೋಡಿದರೆ, ಫಲಕಕ್ಕೂ ಪೈಪಿಗೂ ನಡುವೆ ಆಕಾಶ ಕಾಣುತ್ತಿತ್ತು.

ಬಸವಣ್ಣೆಪ್ಪನವರು, “ಮಿಸ್ತ್ರಿ, ಕಮಾನ್ ಕೇಳಿದ್ರ ಒಂಟೆ ಬೆನ್ನಿನ ಡುಬ್ಬ ತಂದೀರಲ್ರಿ” ಎಂದರು.

“ಹೊಸಾ ಕಬ್ಬಿಣ ಐತ್ರಿ. ಬಿಸಿಲಿಗೆ ಕುಂದರತೈತಿ” ಎಂದೆ.

“ಎಷ್ಟು ಬ್ಯಾಸಗಿ ಬೇಕಾಗತೈತ್ರಿ? ನಾಳೆ ಮುಂಜಾನೆ ಅತಿಥಿಗೋಳು ಬರತಾರ. ಆಗ್ಲಿಲ್ಲಂದ್ರ ಹೇಳ್ರಿ, ಬಾಳಿಗಿಡ ಕಟ್ಟಿಬಿಡ್ತೀವಿ. ಬೋರ್ಡಿನ ಮ್ಯಾಲಿನ ಹೆಸರಿಗೆ ಒಂದೀಟು ಬಣ್ಣಾ ಬಳದ್ರಾತು.”

ಎರಡನೇ ಸಲ ನನ್ನ ಹೆಸರು ಆ ಶಾಲೆಯಿಂದ ಹೊಡೆದು ಹೋಗುವುದರಲ್ಲಿತ್ತು. ಡುಬ್ಬವನ್ನು ಟೆಂಪೋಕ್ಕೆ ಹಾಕಿಕೊಂಡು ಶಿರಸಿಗೆ ಓಡಿ ಬಂದೆ. ಗಂಗಾ ಕಾಲೇಜಿಗೆ ಹೋಗಿದ್ದಳು. ವಹಿ ಮೇಜಿನ ಮೇಲಿತ್ತು. ಬೇರೆಯವರ ಉತ್ತರ ಕದ್ದು ನೋಡುವಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದನ್ನು ಮರೆತು ಬಹಳ ವರ್ಷವಾಗಿತ್ತು. ಹೊಸ ಪೈಪು ತೆಗೆದು ಹನ್ನೆರಡಡಿ ಎರಡೂಮುಕ್ಕಾಲು ಇಂಚಿಗೆ ಕತ್ತರಿಸಿ, ಸದ್ದಿಲ್ಲದೆ ಅಂಗಡಿಯಲ್ಲೇ ಬಗ್ಗಿಸಿದೆ. ತುದಿಗಳು ಹನ್ನೆರಡಡಿಗೆ ಬಂದಾಗ ನಡುವೆ ಟೇಪು ಹಿಡಿದು ನೋಡಿದೆ. ಒಂದಡಿ. ಮತ್ತೊಮ್ಮೆ ನೋಡಿದೆ. ಆಗಲೂ ಒಂದೇ ಅಡಿ. ಸಂಜೆಯೊಳಗೆ ಕಮಾನು ಶಾಲೆಯ ಕಂಬಗಳ ಮೇಲೆ ಕೂತಿತು. “ಬಿಸಿಲಿಗೆ ಕುಂತತು ನೋಡ್ರಿ” ಎಂದೆ. ಬಸವಣ್ಣೆಪ್ಪನವರು ಮೀಸೆಯಲ್ಲೇ ನಕ್ಕರು.

ಮನೆಗೆ ಬಂದಾಗ ಗಂಗಾ ವಹಿ ತೆರೆದಿಟ್ಟುಕೊಂಡು ಕೂತಿದ್ದಳು. “ಅಪ್ಪಾ, ಉತ್ತರದ ಮ್ಯಾಲ ಗ್ರೀಸ್ ಹತ್ತೇತಿ. ಹೆಬ್ಬಟ್ಟು ಯಾರದು?”

“ಭಟ್ರದ್ದಿರಬೇಕು” ಎಂದೆ.

ಅವಳು ನಗಲಿಲ್ಲ, ಮಾಸ್ತರರ ಹಾಗೆಯೇ. “ರೇಡಿಯನ್ ಅಂದ್ರ ಬ್ಯಾರೆ ಏನಲ್ಲ. ಮೊಳೆಯಿಂದ ಗೆರೀತನಾ ಎಷ್ಟು ಹುರಿ ಇರತೈತೋ, ಅಷ್ಟೇ ಹುರೀನ ಗೆರಿ ಮ್ಯಾಲ ಹಾಸಿದ್ರ ಕೇಂದ್ರದಾಗ ಎಷ್ಟು ಕೋನ ಆಗತೈತೋ, ಅದು ಒಂದು ರೇಡಿಯನ್. ನೀ ಮೂವತ್ತು ವರ್ಷದಿಂದ ಹುರಿ ಹಾಸೂದು ಅದನ್ನ.” ಇದನ್ನು ೧೯೯೧ರಲ್ಲೇ ಯಾರಾದರೂ ಹೇಳಿದ್ದರೆ ನಾನು ದೀಪಾವಳಿಯ ಮೇಲೂ ಶಾಲೆಗೆ ಹೋಗುತ್ತಿದ್ದೆನೋ ಏನೋ. ಆಮೇಲೆ ಇಂಜಿನಿಯರಾಗಿ, ಯಾವನೋ ಮಿಸ್ತ್ರಿಯ ಅಂಗಡಿಯಲ್ಲಿ ನಿಂತು ಫಾರ್ಮುಲಾ ಬೇಡವಾ ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷೀನು, ಒಂದು ರೋಲರು, ಶಾಲೆಯ ಬಾಗಿಲಲ್ಲಿ ಒಂದು ಹೆಸರು, ಹಿತ್ತಿಲಲ್ಲಿ ಮೂರಡಿ ಎತ್ತರದ ಒಂದು ಡುಬ್ಬ, ಅದರ ಮೇಲೆ ಹೆಂಡತಿ ಹಬ್ಬಿಸಿದ ಹೀರೆಬಳ್ಳಿಯಲ್ಲಿ ಏಳು ಹೀರೆಕಾಯಿ, ಮತ್ತು ಮಗಳು ನನಗೆ ಬಿಡಿಸಲು ಕೊಟ್ಟ ಹಸುವಿನ ಒಂದು ಲೆಕ್ಕ. ಅದು ಇನ್ನೂ ಆಗಿಲ್ಲ.